ಅವರು ಬಂದ್ರು

ಕೊಲೆಗಾರ ಯಾರೆಂದು ಬಯಲಾಗಲು ಎರಡೂವರೆ ಗಂಟೆ ಹಿಡಿಯಬೇಕು ಎಂದು ಆಟ ಕಟ್ಟಿದವರು ಅಂದಾಜು ಹಾಕಿದ್ದರು. ಚುಕ್ಕಿಯ ಸೋದರತ್ತೆ ಆರೇ ನಿಮಿಷಕ್ಕೆ ಹೇಳಿಬಿಟ್ಟಳು. ಅದೂ ಪಿಸುದನಿಯಲ್ಲಲ್ಲ, ಇಡೀ ಕೋಣೆಗೆ ಕೇಳುವ ಹಾಗೆ.

“ಗಂಡನೇ ಕಣೇ ಕೊಂದಿದ್ದು! ಇಷ್ಟಕ್ಕೆ ಆ ದೆವ್ವ ಬೇರೆ ಯಾಕೆ ಕಷ್ಟಪಡ್ಬೇಕು?”

ಆಟವನ್ನು ಪರೀಕ್ಷೆಗೆ ಆಡಿನೋಡಲು ಬಂದು ದೊಡ್ಡ ಪರದೆಯ ಮುಂದೆ ಕೂತಿದ್ದ ಉಳಿದ ಒಂಬತ್ತು ಮಂದಿ ಅವಳತ್ತ ತಿರುಗಿದರು. ಒಬ್ಬ “ಹೌದಲ್ವಾ!” ಎಂದ. ಆಮೇಲೆ ಎಲ್ಲರೂ “ಹೌದಲ್ವಾ!” ಎಂದರು. ಗೋಡೆಗೊರಗಿ ನಿಂತಿದ್ದ ಚುಕ್ಕಿ ಗಡಿಯಾರ ನೋಡಿದಳು.

ಚುಕ್ಕಿ ಅವಳ ಹೆಸರಲ್ಲ. ವಾಕ್ಯದ ಕೊನೆಗೆ ಚುಕ್ಕಿ ಬಿಟ್ಟುಹೋದರೆ ಮೈಮೇಲೆ ಬೀಳುತ್ತಾಳೆಂದು ಆಫೀಸಿನವರು ಇಟ್ಟದ್ದು. ವಿಡಿಯೋ ಗೇಮ್ ಮಾಡುವ ಆ ಆಫೀಸಿನಲ್ಲಿ ಆಟದ ಮಾತುಗಳನ್ನೆಲ್ಲ ಕನ್ನಡದಲ್ಲಿ ಬರೆಯುವುದು ಅವಳ ಕೆಲಸ. ಆಟದ ಹೆಸರು ‘ಸತ್ತರೂ ಡ್ಯೂಟಿ’. ನಾಯಕ ಒಬ್ಬ ಇನ್ಸ್‌ಪೆಕ್ಟರ್. ಸತ್ತು ದೆವ್ವವಾಗಿದ್ದಾನೆ, ಆದರೂ ಕೊಲೆಗಳ ತನಿಖೆ ಬಿಟ್ಟಿಲ್ಲ. ಪಾಪ, ಅವನಿಗೆ ಬಾಗಿಲು ತೆಗೆಯಲಾಗದು, ಒಂದು ಲೋಟ ಎತ್ತಲಾಗದು. ಸತ್ತವರು ಕೊನೆಗೆ ಮುಟ್ಟಿದ ವಸ್ತುವಿನ ಮೇಲೆ ಕೈಯಿಟ್ಟರೆ ಅವರ ಕೊನೆಯ ಮಾತು ಕೇಳಿಸುತ್ತದೆ. ಅದೊಂದೇ ಅವನ ಬಂಡವಾಳ.

ಮೊದಲ ಕೇಸಿನಲ್ಲಿ ಒಬ್ಬ ಗೃಹಿಣಿ ಅಡುಗೆಮನೆಯಲ್ಲಿ ಹೆಣವಾಗಿ ಬಿದ್ದಿದ್ದಾಳೆ. ಅನುಮಾನ ನಾಲ್ವರ ಮೇಲೆ: ಗಂಡ, ತಂಗಿ, ಡಾಕ್ಟರು, ಮೇಲಿನ ಮನೆಯ ಬಾಡಿಗೆಯವನು. ದೆವ್ವ ಹಾಲಿನ ಪಾತ್ರೆಯ ಮೇಲೆ ಕೈಯಿಡುತ್ತದೆ. ಸತ್ತವಳ ದನಿ ಬರುತ್ತದೆ: “ಅವರು ಬಂದ್ರು.”

ಈ ಎರಡು ಪದಕ್ಕಾಗಿ ಚುಕ್ಕಿ ಮೂರು ದಿನ ತಲೆ ಕೆಡಿಸಿಕೊಂಡಿದ್ದಳು. ಆಟದ ಮೂಲ ಭಾಷೆಯಲ್ಲಿ ಈ ತಾಪತ್ರಯ ಇರಲಿಲ್ಲ. ಕನ್ನಡದಲ್ಲಿ ‘ಬಂದ’ ಎಂದರೆ ಗಂಡಸು, ‘ಬಂದಳು’ ಎಂದರೆ ಹೆಂಗಸು. ಗುಟ್ಟು ಅಲ್ಲೇ ರಟ್ಟು. ‘ಅವರು’ ಎಂದರೆ ಯಾರೂ ಆಗಬಹುದು! ಅದು ಹೊಳೆದ ದಿನ ಖುಷಿಗೆ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದ್ದಳು.

ಯಾರೂ ಆಗಬಹುದಂತೆ!

“ತಂಗಿಯಾಗಿದ್ರೆ ಬಂದ್ಲು ಅಂತಿದ್ಲು,” ಅತ್ತೆ ಬೆರಳು ಮಡಚುತ್ತಾ ಎಲ್ಲರಿಗೂ ಪಾಠ ಮಾಡಿದಳು. “ಡಾಕ್ಟರಾಗಿದ್ರೆ ಡಾಕ್ಟ್ರು ಬಂದ್ರು ಅಂತಿದ್ಲು. ಮೇಲಿನ ಮನೆಯವನಿಗೆ ಅಷ್ಟೊಂದು ಮರ್ಯಾದೆ ಯಾರು ಕೊಡ್ತಾರೆ? ಹೆಸರಿಲ್ಲ, ಗಿಸರಿಲ್ಲ, ಬರೀ ‘ಅವರು’ ಅಂದ್ರೆ ಮನೇಲಿ ಇರೋದು ಒಬ್ರೇ. ಮೂವತ್ತೆಂಟು ವರ್ಷದಿಂದ ನಾನು ನಮ್ಮನೆಯವರನ್ನ ಇನ್ನೇನಂತ ಕರ್ದಿದೀನಿ?”

ಚುಕ್ಕಿಗೆ ಇದು ಹೊಳೆಯದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಅವಳು ತನ್ನ ಗಂಡನನ್ನು ಕರೆಯುವುದು ‘ಏ ಬೆಕ್ಕು’ ಎಂದು.

ಗದ್ದಲ ಕೇಳಿ ಕಂಪನಿಯ ಒಡತಿ ಬಂದಳು. ಅವಳಿಗೆ ಕನ್ನಡದ ಒಂದಕ್ಷರ ಬಾರದು. ಆಟ ಎಂಟು ಭಾಷೆಗಳಲ್ಲಿ ಬರಲಿತ್ತು. ಎಂಟನೆಯದಾದ ಕನ್ನಡಕ್ಕೆ ಅವಳು ಅರೆಮನಸ್ಸಿನಿಂದಲೇ ಒಪ್ಪಿದ್ದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡು ತನ್ನ ಭಾಷೆಯಲ್ಲಿ ತಣ್ಣಗೆ ಹೇಳಿದಳು: ಮೂರು ಗಂಟೆಗೆ ಇನ್ನೊಂದು ತಂಡ ಬರುತ್ತದೆ. ಅವರಿಗೂ ಹೀಗೇ ಗೊತ್ತಾಗಿಹೋದರೆ ಏಳೇ ಭಾಷೆ ಸಾಕು.

ಚುಕ್ಕಿ ಹೆದರಿದಳು. ಕೆಲಸ ಹೋಗುತ್ತದೆಂದಲ್ಲ, ಇನ್ನೊಂದು ಕಡೆ ಇನ್ನೊಂದು ಸಿಕ್ಕೀತು. ಚಿಕ್ಕವಳಿದ್ದಾಗ ಅವಳು ಗೇಮ್ ಆಡುತ್ತಿದ್ದದ್ದು ಅತ್ತೆಯ ಹೊಲಿಗೆ ಅಂಗಡಿಯಲ್ಲಿ, ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತು. ಅತ್ತೆ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಅಂಗಿಗಳಿಗೆ ಅಂಚು ಮಡಿಸುತ್ತಾ ಪರದೆಯತ್ತ ಬಗ್ಗುತ್ತಿದ್ದಳು. ಆಟದಲ್ಲಿ ಕನ್ನಡ ಇರುತ್ತಿರಲಿಲ್ಲ; ಯಾರು ಬಾಯಿಬಿಟ್ಟರೂ ಸರಿ, ಸೂಜಿ ಕೈಗೆ ತೆಗೆದು “ಏನಂದ?” ಎನ್ನುತ್ತಿದ್ದಳು. ಚುಕ್ಕಿ ಹೇಳುತ್ತಿದ್ದಳು. ಸೂಜಿ ಮತ್ತೆ ಬಾಯಿಗೆ. ಒಂದು ನಿಮಿಷಕ್ಕೆ ಮತ್ತೆ “ಏನಂದ?” ಎಷ್ಟೋ ಸಲ ಚುಕ್ಕಿ ಸಿಡುಕಿ “ಏನೂ ಇಲ್ಲ ಬಿಡು” ಅಂದದ್ದುಂಟು. ಆಗೆಲ್ಲ ಅತ್ತೆ ಸುಮ್ಮನೆ ಅಂಗಿಯ ಕಡೆ ತಿರುಗುತ್ತಿದ್ದಳು. ಅತ್ತೆ ಯಾರನ್ನೂ ಕೇಳದೆ ಆಡಬಹುದಾದ ಒಂದು ಆಟ, ಒಂದೇ ಒಂದು, ಇರಬೇಕು ಎಂಬುದು ಚುಕ್ಕಿಯ ಹಟ. ಇವತ್ತು ಹತ್ತನೆಯವರು ಬರುವುದಿಲ್ಲ ಎಂದು ಫೋನ್ ಮಾಡಿದಾಗ ಕುಣಿದಾಡಿಕೊಂಡು ಅತ್ತೆಯನ್ನು ಕರೆಸಿದವಳೂ ಅವಳೇ. ಈಗ ಅನುಭವಿಸು.

ಗಂಟೆ ಹನ್ನೆರಡಾಯಿತು. ಧ್ವನಿ ಕೋಣೆಯಲ್ಲಿ ಮೂವರು ಕೂತರು: ಚುಕ್ಕಿ, ಅತ್ತೆ, ಮತ್ತೆ ದನಿಗಳನ್ನು ಆಟಕ್ಕೆ ಜೋಡಿಸುವ ಗುಂಡಿರಾಯ. ಹೊಟ್ಟೆ ನೋಡಿ ಇಟ್ಟ ಹೆಸರಲ್ಲ. ದಿನವಿಡೀ ಗುಂಡಿ ಒತ್ತುವವನೆಂದು.

“‘ಬಂತು’ ಅಂತ ಹಾಕಿದ್ರೆ?” ಎಂದ ಗುಂಡಿರಾಯ.

“ಏನು ಬಂತು? ನಾಯೀನಾ, ಬಸ್ಸಾ?”

“‘ಯಾರೋ ಬಂದ್ರು’ ಅಂದ್ರೆ?”

“ಯಾರೋ ಅಂದ್ರೆ ಗುರುತಿಲ್ದವರು. ಸುಳ್ಳು ಹೇಳಿದ ಹಾಗಾಗುತ್ತೆ. ಸತ್ತವರು ನಮ್ಮ ಆಟದಲ್ಲಿ ಸುಳ್ಳು ಹೇಳಲ್ಲ.”

ಅತ್ತೆ ಒಂದು ಮೂಲೆಯಲ್ಲಿ ಸಪ್ಪಗೆ ಕೂತಿದ್ದಳು. ತನ್ನ ಬಾಯಿಂದಲೇ ಸೊಸೆಯ ಕೆಲಸ ಕೆಟ್ಟಿತೆಂದು ಅವಳ ಮುಖ ಸಣ್ಣದಾಗಿತ್ತು. “ಇವತ್ತು ಎದ್ದ ಗಳಿಗೇನೇ ಸರಿ ಇಲ್ಲ ಕಣೇ,” ಎಂದಳು. “ಬೆಳಿಗ್ಗೆ ಬಾಗಿಲು ತೆಗ್ದೆ, ಹಾಲು ಇಸ್ಕೊಂಡೆ, ಒಲೆ ಮೇಲಿಟ್ಟೆ, ನಿನ್ನ ಫೋನ್ ಬಂತು, ಅಷ್ಟೂ ಉಕ್ಕಿ ಹೋಯ್ತು.”

ಚುಕ್ಕಿ ತಟ್ಟನೆ ತಲೆಯೆತ್ತಿದಳು. “ಹಾಲು ತಂದಿದ್ದು ಯಾರು?”

“ಯಾರೋ ತಂದ್ರು, ಅದೀಗ್ಯಾಕೆ?”

“ಅತ್ತೇ! ಹಾಲು ತಂದಿದ್ದು ಗಂಡಸಾ ಹೆಂಗಸಾ, ಮರ್ಯಾದೆಯವರಾ, ಏನೂ ಗೊತ್ತಾಗ್ಲಿಲ್ಲ ನಂಗೆ! ನೀನು ಬರೀ ನೀನು ಮಾಡಿದ್ದನ್ನ ಹೇಳ್ದೆ!”

ತೆಗ್ದೆ, ಇಸ್ಕೊಂಡೆ, ಇಟ್ಟೆ. ಹೇಳುವವಳು ತನ್ನ ಸುದ್ದಿಯನ್ನಷ್ಟೇ ಹೇಳಿಕೊಂಡರೆ ಎದುರಿಗೆ ನಿಂತವರು ಪದಗಳೊಳಗೆ ಕಾಲಿಡುವುದೇ ಇಲ್ಲ. ಚುಕ್ಕಿ ಕೈಗೆ ಸಿಕ್ಕ ಹಾಳೆಯ ಹಿಂದೆ ಗೀಚಿದಳು: ‘ಬಾಗಿಲು ತೆಗ್ದೆ. ಹಾಲು ಉಕ್ಕುತ್ತೆ ಅಂತ ತಿರುಗ್ದೆ.’

ಆದರೆ ಸತ್ತವಳಿಗೆ ದನಿ ಕೊಟ್ಟಿದ್ದ ನಟಿ ಬೇರೆ ಊರಿನಲ್ಲಿದ್ದಳು. ಗುಂಡಿರಾಯ ಅತ್ತೆಯನ್ನು ನೋಡಿದ. ಚುಕ್ಕಿಯೂ ನೋಡಿದಳು.

“ಅಯ್ಯಯ್ಯೋ, ನಾನಾ? ಆಗಲ್ಲಪ್ಪ!” ಎನ್ನುತ್ತಲೇ ಅತ್ತೆ ಕೂದಲು ಸರಿಮಾಡಿಕೊಂಡು ಮೈಕಿನ ಮುಂದೆ ಬಂದು ನಿಂತಳು. ಮೊದಲ ಸಲ ಎದೆ ಹಿಡಿದುಕೊಂಡು, ನರಳಿ, ಕೆಮ್ಮಿ ಹೇಳಿದಳು. ಗುಂಡಿರಾಯ ಮೇಜಿನ ಕೆಳಗೆ ತಲೆ ತೂರಿಸಿ ನಕ್ಕ.

“ಅಂಗಿ ಅಳತೆ ಬರೆಸ್ತೀಯಲ್ಲ, ಹಾಗೆ ಹೇಳು ಸಾಕು,” ಎಂದಳು ಚುಕ್ಕಿ.

ಅತ್ತೆ ಹಾಗೇ ಹೇಳಿದಳು: “ಬಾಗಿಲು ತೆಗ್ದೆ. ಹಾಲು ಉಕ್ಕುತ್ತೆ ಅಂತ ತಿರುಗ್ದೆ.”

ಯಾರೂ ನಗಲಿಲ್ಲ. ಬಾಗಿಲು ತೆಗೆದವಳು ಬಂದವರಿಗೆ ಬೆನ್ನು ಹಾಕಿ ಹಾಲು ನೋಡಲು ಹೋಗಿದ್ದಳು; ಅಷ್ಟು ನಂಬಿಕೆ. ಮಾತಿನಲ್ಲಿ ಎಲ್ಲವೂ ಇತ್ತು, ಆದರೂ ಏನೂ ಕಾಣುತ್ತಿರಲಿಲ್ಲ.

“ಇನ್ನೊಂದು ಬೇಕು,” ಎಂದಳು ಚುಕ್ಕಿ. ಆಟದ ಕೊನೆಯಲ್ಲಿ ಸತ್ತವಳೇ ಎದುರು ಬಂದಾಗ ದೆವ್ವ ಅವಳನ್ನು ‘ಯಾರಿಗಮ್ಮಾ ಬಾಗಿಲು ತೆಗೆದಿದ್ದು?’ ಎಂದು ಕೇಳುತ್ತಿತ್ತು, ಅವಳು ‘ನನ್ನ ಗಂಡನಿಗೆ’ ಎನ್ನುತ್ತಿದ್ದಳು. ಆ ಉತ್ತರ ಕಿತ್ತುಹಾಕಿ, ಬೆಳಿಗ್ಗೆ ಮಾನ ಕಳೆದಿದ್ದ ಆ ಎರಡು ಪದಗಳನ್ನು ಅತ್ತೆಯ ದನಿಯಲ್ಲೇ ಅಲ್ಲಿಗೆ ಕೂರಿಸಿದರು. ಎಲ್ಲ ಮುಗಿದಾಗ ಮೂರಕ್ಕೆ ನಾಲ್ಕು ನಿಮಿಷ ಬಾಕಿಯಿತ್ತು.

ಹೊಸ ತಂಡ ಬಂತು. ಒಡತಿ ಹಿಂದೆ ಕೈಕಟ್ಟಿ ಕೂತಳು. ಮಾವ ಐದೂವರೆಗೆ ಸ್ಕೂಟರಿನಲ್ಲಿ ಬಂದು ಕರೆದುಕೊಂಡು ಹೋಗುವವರೆಗೆ ಅತ್ತೆಗೂ ಬೇರೆ ಜಾಗವಿರಲಿಲ್ಲ.

“ಹೊರಗೆ ಕೂತ್ಕೋ,” ಎಂದಳು ಚುಕ್ಕಿ.

“ನನ್ನ ದನಿ ನಾನು ಕೇಳ್ಬೇಡ್ವಾ?” ಅತ್ತೆ ಕೈಚೀಲದಿಂದ ಒಂದು ಗುಂಡುಸೂಜಿ ತೆಗೆದು ತುಟಿಗಳ ನಡುವೆ ಕಚ್ಚಿಕೊಂಡಳು. ಅದಿದ್ದರೆ ಮಾತ್ರ ಅವಳು ಮಾತಾಡುವುದಿಲ್ಲ, ಅದು ಇಬ್ಬರಿಗೂ ಗೊತ್ತು.

ದೆವ್ವ ಪಾತ್ರೆಯ ಮೇಲೆ ಕೈಯಿಟ್ಟಿತು. ಅತ್ತೆಯ ದನಿ ಕೋಣೆ ತುಂಬಿತು. ಚುಕ್ಕಿ ಮನಸ್ಸಿನಲ್ಲೇ ಎಣಿಸಿದಳು. ಒಂದು, ಎರಡು, ಮೂರು... “ತಂಗಿ!” ಎಂದು ಕೂಗಿದ ಒಬ್ಬ ಬಸ್ ಡ್ರೈವರ್. “ತಂಗಿ ಅಲ್ಲ ರೀ, ಡಾಕ್ಟರ್ರು, ಬರೆದು ಕೊಡ್ತೀನಿ!” ಎಂದಳು ಒಬ್ಬ ನರ್ಸು. ಹತ್ತಿಕೊಂಡಿತು ನೋಡಿ! ಕಂಟ್ರೋಲರ್ ಕೈಯಿಂದ ಕೈಗೆ ಹಾರಿತು. ಕುರ್ಚಿಗಳು ಮುಂದಕ್ಕೆ ಜರುಗಿದವು. ದೆವ್ವ ಗೋಡೆ ದಾಟಿದಾಗಲೆಲ್ಲ ಹತ್ತು ಗಂಟಲಿಂದ ‘ಎಡಕ್ಕೆ! ಎಡಕ್ಕೆ!’ ಅತ್ತೆ ಎರಡು ಸಲ ಸೂಜಿಗೆ ಕೈ ಹಾಕಿದಳು. ಎರಡು ಸಲವೂ ಚುಕ್ಕಿ ಕಣ್ಣು ಕೆಕ್ಕರಿಸಿದಳು.

ಐದೂ ಕಾಲಿಗೆ ದೆವ್ವ ಕೊನೆಯ ಪ್ರಶ್ನೆ ಕೇಳಿತು. ಸತ್ತವಳು ಅಳತೆ ಬರೆಸುವ ದನಿಯಲ್ಲಿ ಹೇಳಿದಳು: “ಅವರು ಬಂದ್ರು.”

ಹತ್ತೂ ಜನ ಒಟ್ಟಿಗೆ “ಥೂ, ಗಂಡ!” ಎಂದು ಕಿರುಚಿದರು. ನರ್ಸು ಎರಡೂ ಕೈ ತಲೆಯ ಮೇಲೆ ಹೊತ್ತಳು. ಚುಕ್ಕಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಒಡತಿಯ ಮುಖದಲ್ಲಿ ಏನೂ ಕಾಣಲಿಲ್ಲ. ಚೆನ್ನಾಗಿಯೇ ಆಯಿತು, ಯೋಚಿಸಿ ಹೇಳುತ್ತೇನೆ, ಎಂದು ಎದ್ದಳು. ಚುಕ್ಕಿಗೆ ಅಳು ಬಂದಂತಾಯಿತು.

ಅಷ್ಟರಲ್ಲಿ ಕೆಳಗೆ ಸ್ಕೂಟರಿನ ಹಾರ್ನ್ ಕೇಳಿಸಿತು. ಅತ್ತೆ ಕಿಟಕಿಯಿಂದ ಬಗ್ಗಿ ನೋಡಿ, ಬಾಯಿಂದ ಸೂಜಿ ತೆಗೆದು, ಕೈಚೀಲ ಎತ್ತಿಕೊಂಡಳು.

“ಅವರು ಬಂದ್ರು,” ಎಂದಳು.

ಬಸ್ ಡ್ರೈವರ್ ಕುರ್ಚಿಸಮೇತ ಹಿಂದಕ್ಕೆ ಬಿದ್ದ. ನರ್ಸು ಚೀರಿ ಪಕ್ಕದವನ ತೋಳು ಹಿಡಿದಳು. ಆಮೇಲೆ ಎಲ್ಲರಿಗೂ ನಗು ಬಂತು, ಹೊಟ್ಟೆ ಹಿಡಿದುಕೊಳ್ಳುವಂಥ ನಗು. ಬಾಗಿಲಲ್ಲಿ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಮಾವ ಬಂದು ನಿಂತರು. ಕೋಣೆಯವರೆಲ್ಲ ಅವರನ್ನೇ ನೋಡುತ್ತಿದ್ದರು.

“ಯಾಕ್ರಪ್ಪಾ? ನಾನೇನೂ ಮಾಡಿಲ್ವಲ್ಲ!”

“ಎಲ್ಲ ಗಂಡಂದಿರೂ ಹಾಗೇ ಅನ್ನೋದು!” ಎಂದಳು ನರ್ಸು. ನಗು ಮತ್ತೆ ಶುರುವಾಯಿತು.

ಬಾಗಿಲ ಬಳಿ ಹೋಗಿದ್ದ ಒಡತಿ ವಾಪಸು ಬಂದಿದ್ದಳು. ಬಿದ್ದ ಕುರ್ಚಿಯನ್ನೂ, ಕಣ್ಣೊರೆಸಿಕೊಳ್ಳುವ ಹತ್ತು ಜನರನ್ನೂ, ಏನೂ ಅರಿಯದ ಮಾವನನ್ನೂ ನೋಡಿದಳು. ಈ ಇಡೀ ಕೋಣೆಯಲ್ಲಿ ಮಾತು ಗೊತ್ತಾಗದೆ ಉಳಿದವಳು ಅವಳೊಬ್ಬಳೇ. ಚುಕ್ಕಿಯ ತೋಳು ಹಿಡಿದು ಎಳೆದು ತನ್ನ ಭಾಷೆಯಲ್ಲಿ ಕೇಳಿದಳು.

“ಏನಂದ್ರು? ಅವರು ಏನಂದ್ರು?”

ಚುಕ್ಕಿ ಸಿಡುಕಲಿಲ್ಲ. ಎರಡೇ ಪದ, ವಿವರಿಸಲು ಐದು ನಿಮಿಷ ಹಿಡಿಯಿತು. ಒಡತಿ ಕೊನೆಯವರೆಗೂ ಕೇಳಿದಳು, ತಡವಾಗಿ ನಕ್ಕಳು, ಆಮೇಲೆ ಗುಂಡಿರಾಯನ ಕಡೆ ತಿರುಗಿ ಎಂಟೂ ಭಾಷೆ ಇರಲಿ ಎಂದಳು.

“ಏನಂದ್ಲೇ?” ಎಂದಳು ಅತ್ತೆ, ಮೆಟ್ಟಿಲಿನಿಂದ.

ಚುಕ್ಕಿ ಓಡಿಹೋಗಿ ಹೇಳಿದಳು.