ಎಂಟು ತುಂಡು ರಬ್ಬರು

ಮೊದಲೇ ಹೇಳಿಬಿಡುತ್ತೇನೆ, ನಾನು ಮುಂಗೋಪಿ. ಆದರೆ ಭಾವನ ವಿಷಯದಲ್ಲಿ ಮೊದಲ ದಿನ ನಾನು ಮಾಡಿದ್ದು ಪ್ರೀತಿಯಿಂದ. ಕೋಪದಿಂದ ಮಾಡಿದ್ದು ಮರುದಿನ. ಎರಡರಲ್ಲಿ ಯಾವುದು ಹೆಚ್ಚು ಕೆಡಿಸಿತು ಎಂದು ಇವತ್ತಿಗೂ ಲೆಕ್ಕ ಹಾಕುತ್ತಿದ್ದೇನೆ.

ನಮ್ಮದು ಗಿಟಾರಿನ ಆಂಪ್ಲಿಫೈಯರ್ ತಯಾರಿಸುವ ಕಾರ್ಖಾನೆ. ದೊಡ್ಡದೇನಲ್ಲ. ತಗಡಿನ ಸೂರಿನ ಉದ್ದನೆಯ ಒಂದು ಹಾಲು, ಅದರ ಕೊನೆಗೆ ಗೋಡೆಗೆಲ್ಲ ದಪ್ಪ ಕಂಬಳಿ ಹೊಡೆದ ಒಂದು ಕೋಣೆ. ಹಾಲಿನಲ್ಲಿ ಟ್ಯೂಬ್ ಬೆಂಚು. ಆರು ಜನ ಹೆಂಗಸರು ಹಳೆಯ ರೇಡಿಯೋದಲ್ಲಿರುತ್ತಿದ್ದಂಥ, ಸದ್ದು ಹಿಗ್ಗಿಸುವ ಗಾಜಿನ ಟ್ಯೂಬುಗಳನ್ನು ಅಳೆದು, ಜೋಡಿ ಹುಡುಕಿ, ಬೆಸುಗೆ ಹಾಕಿ ಕೂರಿಸುತ್ತಾರೆ. ಅವರಲ್ಲೇ ಒಬ್ಬಳಾಗಿ ಬೆಂಚನ್ನು ನೋಡಿಕೊಳ್ಳುವವಳು ನನ್ನ ಅಕ್ಕ. ಕೊನೆಯ ಕೋಣೆ ಭಾವನದು, ಅಂದರೆ ಅಕ್ಕನ ಗಂಡನದು. ತಯಾರಾದ ಒಂದೊಂದು ಆಂಪನ್ನೂ ಕೇಳಿ ‘ಆಯ್ತು’ ಅಥವಾ ‘ಆಗಿಲ್ಲ’ ಎನ್ನುವುದು ಅವರ ಕೆಲಸ. ಅವರು ‘ಆಗಿಲ್ಲ’ ಎಂದರೆ ಮಾಲೀಕರೂ ತುಟಿ ಪಿಟಕ್ಕೆನ್ನುವಂತಿಲ್ಲ. ಊರಿನ ಗಿಟಾರಿನವರೆಲ್ಲ ಅವರನ್ನು ಕಿವಿ ಮೇಷ್ಟ್ರು ಎಂದೇ ಕರೆಯುತ್ತಾರೆ. ನಾನು ಆ ಕೋಣೆಯಲ್ಲಿ ವೈರು ಎಳೆಯುವವನು, ಸ್ವಿಚ್ಚು ಹಾಕುವವನು, ಸುಟ್ಟದ್ದನ್ನು ರಿಪೇರಿ ಮಾಡುವವನು.

ನನ್ನನ್ನು ಸಾಕಿದ್ದೂ ಭಾವನೇ. ಅಕ್ಕನ ಮದುವೆಯಾದಾಗ ನನಗೆ ಒಂಬತ್ತು ವರ್ಷ. ಹೆತ್ತವರು ಇರಲಿಲ್ಲ. ಅಕ್ಕನ ಜೊತೆ ನಾನೂ ಬಾಲದಂತೆ ಬಂದೆ. ಒಂದು ದಿನವೂ ಅವರು ನನಗೆ ಹಂಗಿನ ಮಾತು ಆಡಿದ್ದಿಲ್ಲ. ಬೆಸುಗೆ ಕಡ್ಡಿ ಹಿಡಿಯುವುದನ್ನು ಕಲಿಸಿದವರು ಅವರು. ಕೈ ಸುಟ್ಟುಕೊಂಡಾಗ ನಕ್ಕವರೂ ಅವರೇ, ಮುಲಾಮು ಹಚ್ಚಿದವರೂ ಅವರೇ.

ಭಾವ ಕೇಳುವ ರೀತಿಯೇ ಬೇರೆ. ಕಣ್ಣು ಮುಚ್ಚುತ್ತಾರೆ, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ. ಅದನ್ನು ನೋಡಲೆಂದೇ ಬೆಂಚಿನ ಹೆಂಗಸರು ಬಾಗಿಲಲ್ಲಿ ಇಣುಕುತ್ತಿದ್ದರು. “ತಪಸ್ಸಿಗೆ ಕೂತ್ರು ನೋಡ್ರೇ, ಇನ್ನು ವರ ಕೇಳೋದೊಂದೇ ಬಾಕಿ” ಎಂದು ಒಬ್ಬಳು ಅಂದರೆ, “ವರ ಯಾಕಮ್ಮ, ನಾನೇ ಇದ್ದೀನಲ್ಲ” ಎಂದು ಅಕ್ಕ ನಗುತ್ತಿದ್ದಳು.

ಹೀಗಿರುವಾಗ ಬಂತು ಆ ಹೊಸ ಪೆಟ್ಟಿಗೆ.

ಅದೂ ಒಂದು ಆಂಪೇ, ಮಾಡಿದವರು ನಮ್ಮ ಎಂಜಿನಿಯರ್ ಮೇಡಂ. ಮುಂದೆ ಒಂದೇ ಒಂದು ಚಿಕ್ಕ ಟ್ಯೂಬು, ಹಿಂದೆ ಕಂಪ್ಯೂಟರ್ ಚಿಪ್ಪು. ಟ್ಯೂಬು ಕಾಣಲೆಂದು ಪುಟ್ಟ ಕಿಟಕಿ, ಅದು ಕೆಂಪಗೆ ಹೊಳೆಯಲೆಂದು ಹಿಂದೊಂದು ಕಿತ್ತಳೆ ದೀಪ. ಹಳೆಯ ದೊಡ್ಡ ಆಂಪಿನ ಸ್ವಭಾವವನ್ನೆಲ್ಲ ಲೆಕ್ಕ ಮಾಡಿ ಚಿಪ್ಪಿನೊಳಗೆ ತುಂಬಿದ್ದರು. ತೂಕ ಹಳೆಯದರ ಕಾಲು ಭಾಗ. ನನಗೆ ಆ ಕಿತ್ತಳೆ ದೀಪ ಕಂಡರೇ ಮೈ ಉರಿಯುತ್ತಿತ್ತು. ಆದರೂ ನಿಜ ಹೇಳಬೇಕು, ಮೇಡಂ ಮೋಸದ ಮನುಷ್ಯರಲ್ಲ. “ಮೇಷ್ಟ್ರೇ, ನೀವು ಕೇಳಿ ಹೇಳಿ. ನೀವು ಬೇರೆ ಅಂದ್ರೆ ನಾನು ವಾಪಸ್ ತಗೊಂಡು ಹೋಗಿ ಮತ್ತೆ ಕೂತ್ಕೋತೀನಿ” ಎಂದು ಅವರಾಗಿಯೇ ಹೇಳಿದರು.

ಮಾಲೀಕರು ಅದನ್ನೇ ಗಟ್ಟಿ ಮಾಡಿದರು. “ಇಪ್ಪತ್ತು ಸಲ ಪರದೆ ಹಿಂದಿಂದ ಹಾಕೋಣ. ಯಾವುದು ಹಳೇದು, ಯಾವುದು ಹೊಸದು ಅಂತ ಮೇಷ್ಟ್ರು ಗುರುತು ಹಿಡಿದ್ರೆ ಪೆಟ್ಟಿಗೆ ವಾಪಸ್ಸು, ಬೆಂಚು ಇರುತ್ತೆ. ಹಿಡೀದೆ ಹೋದ್ರೆ ಇನ್ನು ಟ್ಯೂಬ್ ಬೆಂಚು ಯಾಕೆ? ಮುಚ್ಚೋಣ.”

ಬೆಂಚಿನಲ್ಲಿ ಯಾರೂ ಹೆದರಲಿಲ್ಲ. ಮೇಷ್ಟ್ರಿಗೆ ಗೊತ್ತಾಗದ ಸದ್ದು ಇನ್ನೂ ಹುಟ್ಟಿಲ್ಲ ಎಂದು ಅವತ್ತು ಊಟದ ಡಬ್ಬಿ ಬಿಚ್ಚುತ್ತ ನಕ್ಕರು. ಅಕ್ಕ ಮಾತ್ರ ಡಬ್ಬಿಯ ಮುಚ್ಚಳವನ್ನೇ ನೋಡುತ್ತ ಕೂತಿದ್ದಳು. ಅದು ನನಗೆ ಕಂಡಿತು, ಆದರೆ ತಲೆಗೆ ಹೋಗಲಿಲ್ಲ.

ಆ ಮಧ್ಯಾಹ್ನ ಮಾರಾಟ ವಿಭಾಗದವನೊಬ್ಬ ನನಗೆ ಕೇಳಲೆಂದೇ ಹೇಳಿದ: “ಪರದೆ ಹಿಂದೆ ಭಾವಮೈದ, ಮುಂದೆ ಭಾವ. ಮೇಷ್ಟ್ರು ಗೆಲ್ಲದೆ ಇನ್ಯಾರು ಗೆಲ್ತಾರೆ?” ಪಿತ್ತ ನೆತ್ತಿಗೇರಿತು ನನಗೆ. ಅವನ ಕೊರಳಪಟ್ಟಿ ಹಿಡಿಯುವ ಬದಲು ನಾನು ಮಾಡಿದ್ದೇನು ಗೊತ್ತೇ? ಯಾವ ಅಪ್ಪನ ಮಗನೂ ಬೆರಳು ತೋರಿಸದ ಹಾಗೆ ಪರೀಕ್ಷೆ ಕಟ್ಟುತ್ತೇನೆ ಎಂದು ಹಟ ತೊಟ್ಟೆ.

ನಮ್ಮ ಕೆಲಸದಲ್ಲಿ ಜೋರಾದದ್ದೇ ಚೆಂದ ಕೇಳುತ್ತದೆ, ಕೂದಲೆಳೆಯಷ್ಟು ಜೋರಾದರೂ ಸಾಕು. ಹಾಗಾಗಿ ಮೀಟರು ಹಿಡಿದು ಎರಡರ ಜೋರನ್ನೂ ಸರಿ ಮಾಡಿದೆ. ಎರಡಕ್ಕೂ ಒಂದೇ ಸ್ಪೀಕರು, ಅದನ್ನು ದೂರದ ಮೂಲೆಯಲ್ಲಿ ನೆಲದ ಮೇಲಿಟ್ಟೆ. ಮೊದಲೇ ಮುದ್ರಿಸಿಟ್ಟ ಒಂದೇ ಗಿಟಾರಿನ ತುಣುಕು, ಅರ್ಧ ನಿಮಿಷದ್ದು. ಸ್ವಿಚ್ಚಿನ ಟಕ್ ಸದ್ದು ಹೊರಬರದಂತೆ ಅದಕ್ಕೆ ಬಟ್ಟೆ ಸುತ್ತಿದೆ. ಭಾವ ಕೂರುವ ಉದ್ದನೆಯ ಮೇಜಿನ ಇನ್ನೊಂದು ತುದಿಯಲ್ಲೇ ಎರಡೂ ಆಂಪುಗಳಿರುವುದು, ನಡುವೆ ಪರದೆ. ಹಳೆಯ ಆಂಪು ನುಡಿಯುವಾಗ ಮರ ಗುಂಯ್ಗುಡುತ್ತದೆ. ಅದನ್ನೂ ಯಾಕೆ ಬಿಡಲಿ ಎಂದು ಎರಡು ಆಂಪುಗಳ ಎಂಟು ಕಾಲಿಗೂ ಒಂದೊಂದು ತುಂಡು ದಪ್ಪ ರಬ್ಬರು ಕತ್ತರಿಸಿ ಇಟ್ಟೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಭಾವ ಬಂದರು, ಕೂತರು, ಕಣ್ಣು ಮುಚ್ಚಿದರು, ಅಂಗೈ ಊರಿದರು. ಮೇಡಂ ಹಾಳೆ ಹಿಡಿದು ಪಕ್ಕದಲ್ಲಿ ನಿಂತರು. ನಾನು ಪರದೆಯ ಹಿಂದೆ. ಮೊದಲ ಸಲ ಹಾಕಿದೆ.

ತುಣುಕು ಮುಗಿಯಿತು. ಭಾವ “ಇನ್ನೊಂದ್ಸಲ” ಎಂದರು. ಹಾಕಿದೆ. ಪರದೆಯ ಸಂದಿನಲ್ಲಿ ಅವರ ಕೈಗಳು ಕಾಣುತ್ತಿದ್ದವು. ಅಂಗೈಗಳು ಮೇಜಿನ ಮೇಲೆ ಆಚೀಚೆ ಸರಿದವು, ಒತ್ತಿದವು, ಆಮೇಲೆ ಬೆರಳ ತುದಿಗಳಷ್ಟೇ ಉಳಿದವು. ಕತ್ತಲಲ್ಲಿ ಬೆಂಕಿಪೊಟ್ಟಣ ತಡಕುವವರ ಹಾಗೆ. “ಹಳೇದು” ಎಂದರು. ಅದು ಹೊಸದಾಗಿತ್ತು.

ನನಗೆ ಆಶ್ಚರ್ಯವಾಯಿತು, ಯಾಕೆಂದರೆ ನನಗೆ ವ್ಯತ್ಯಾಸ ಗೊತ್ತಾಗುತ್ತಿತ್ತು. ಪ್ರತಿ ಸಲವೂ. ತಂತಿ ಮೀಟಿದ ಹೊಡೆತದಲ್ಲಿ ಎರಡೂ ಒಂದೇ, ಅಲ್ಲಿ ಮೇಡಂ ನಿಜಕ್ಕೂ ಗೆದ್ದಿದ್ದರು. ಆದರೆ ಸ್ವರ ಸಾಯುವ ಹೊತ್ತಿಗೆ ಹಳೆಯದು ತೆಳ್ಳಗಾಗುತ್ತ, ಮಿನುಗುತ್ತ, ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಹೋಗುತ್ತಿತ್ತು. ಹೊಸದು ಬಾಗಿಲು ಹಾಕಿಕೊಂಡು ಹೋಗುತ್ತಿತ್ತು. ಇಷ್ಟು ನಿಚ್ಚಳವಾಗಿರುವುದು ಭಾವನಿಗೆ ಗೊತ್ತಾಗಬೇಡವೇ?

ಇಪ್ಪತ್ತರಲ್ಲಿ ಹತ್ತು ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಮೇಡಂ ಹಾಳೆಯನ್ನು ಎರಡು ಸಲ ಎಣಿಸಿ, ತಲೆ ಬಗ್ಗಿಸಿಕೊಂಡು ಹೊರಗೆ ಹೋದರು. ಗೆದ್ದವರ ಮುಖವಾಗಿರಲಿಲ್ಲ ಅದು.

ನಲ್ಲಿಯ ಹತ್ತಿರ ಭಾವ ಮುಖ ತೊಳೆಯುತ್ತಿದ್ದರು. ನಾನು ಎದುರಿಗೆ ಹೋಗಿ ನಿಂತೆ.

“ಕೆಳಗೆ ಏನಿಟ್ಟಿದ್ದೆ?” ಎಂದರು.

“ರಬ್ಬರು, ಭಾವ.”

“ಯಾರು ಹೇಳಿದ್ರು?”

“ಯಾರೂ ಇಲ್ಲ. ನಾನೇ. ನೀವು ಗೆದ್ಮೇಲೆ ಯಾರೂ ಕೊಂಕು ತೆಗೀಬಾರದು ಅಂತ...”

ಅವರು ಮುಖ ಒರೆಸಿಕೊಳ್ಳಲಿಲ್ಲ. ನೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. “ಹಳೇದ್ರಲ್ಲಿ ಆ ದಪ್ಪ ಟ್ರಾನ್ಸ್‌ಫಾರ್ಮರ್ ಇದೆಯಲ್ಲ, ಸ್ವರ ಬಂದಾಗ ಅದರ ಕಬ್ಬಿಣ ಅದುರುತ್ತೆ. ಮೇಜಿಗೆ ಬರುತ್ತೆ, ಕೈಗೆ ಬರುತ್ತೆ. ಆ ಅದುರಿನಲ್ಲೇ ಟ್ಯೂಬು ಸರಿಯಿದೆಯಾ ಸೋತಿದೆಯಾ ಅಂತ ಗೊತ್ತಾಗುತ್ತೆ ನಂಗೆ. ಕಿವಿ ಹೋಗಿ ನಾಲ್ಕು ವರ್ಷ ಆಯ್ತು ಕಣೋ. ದಪ್ಪ ಸದ್ದು ಬರುತ್ತೆ. ಸಣ್ಣ, ಕೀರಲು ಸದ್ದು ಯಾವುದೂ ಇಲ್ಲ. ನೀನು ಬೆನ್ನ ಹಿಂದೆ ನಿಂತು ಮಾತಾಡಿದ್ರೆ ಬರೀ ಗೊಣಗೊಣ.”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅನ್ನುತ್ತಾರಲ್ಲ, ಆ ಮುಠ್ಠಾಳ ನಾನೇ. ಸಾಕಿದ ಕೈಯ ಕೆಳಗಿನಿಂದ ಮೇಜನ್ನೇ ಎಳೆದುಬಿಟ್ಟಿದ್ದೆ.

“ಹೇಳಿಬಿಡೋಣ ಭಾವ. ಮಾಲೀಕರು ದೊಡ್ಡ ಮನಸ್ಸು ಮಾಡ್ತಾರೆ.”

“ಬಾಯಿ ಮುಚ್ಚು” ಎಂದರು. ಹುಟ್ಟಿದ ಮೇಲೆ ಮೊದಲ ಸಲ ನನಗೆ ಹಾಗೆ ಅಂದದ್ದು. “ನಾಲ್ಕು ವರ್ಷ ನಾನು ಆಯ್ತು ಅಂದ ಆಂಪುಗಳು ಎಷ್ಟು ಜನರ ಮನೇಲಿವೆ? ಕೆಪ್ಪ ಕೇಳಿ ಕೊಟ್ಟದ್ದು ಅಂತ ಒಬ್ಬೊಬ್ಬನೂ ನಗಬೇಕಾ? ನನ್ನ ಹತ್ರ ಇರೋದು ಅದೊಂದೇ ಹೆಸರು.”

ಸಂಜೆ ಮನೆಯಲ್ಲಿ ಅಕ್ಕನನ್ನು ಹಿಡಿದುಕೊಂಡೆ. ಅವಳಿಗೆಲ್ಲ ಗೊತ್ತಿತ್ತು. ಬೀದಿಯಲ್ಲಿ ಗಂಟಲುಗಿತ್ತಿ ಎನಿಸಿಕೊಂಡು ನಾಲ್ಕು ವರ್ಷ ಅವಳು ಕಿರುಚಿ ಮಾತಾಡಿದ್ದು ಯಾಕೆಂದು ನನಗೆ ಆಗ ಹೊಳೆಯಿತು. ನಾನೂ ಎಷ್ಟೋ ಸಲ ‘ಮೈಕು ನುಂಗಿದ್ದೀಯೇನೇ’ ಎಂದು ರೇಗಿಸಿದ್ದೆ.

“ನಾಳೆ ನೀನು ಏನೂ ಹೇಳಬೇಡ” ಎಂದಳು. “ಬೆಂಚು ಹೋದ್ರೆ ಹೋಗಲಿ. ನಂಗೆ ಬೇರೆ ಕೆಲಸ ಸಿಗುತ್ತೆ.”

“ನಿಂಗೆ ಸಿಗುತ್ತೆ. ಉಳಿದ ಐದು ಜನ? ಅವರ ಹೊಟ್ಟೆ ಮೇಲೆ ಹೊಡೆದು ಇವರ ಹೆಸರು ಉಳಿಸೋದಾ?”

ಅಕ್ಕ ಒಗೆದು ತಂದ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಮರುದಿನ ಬೆಳಿಗ್ಗೆ ಕಂಬಳಿ ಕೋಣೆಯಲ್ಲಿ ಎಲ್ಲರೂ ಸೇರಿದರು. ಬೆಂಚಿನ ಹೆಂಗಸರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು, ಅವರ ಮುಂದೆ ಅಕ್ಕ. ಅವತ್ತು ಯಾರೂ ತಪಸ್ಸಿನ ಮಾತು ಎತ್ತಲಿಲ್ಲ. ಮೇಜಿನ ಮೇಲೆ ಹಾಳೆ ಇತ್ತು. ಭಾವ ಕೆಳಗೆ ಸಹಿ ಹಾಕಿದರೆ ಮುಗಿಯಿತು.

ನಾನು ಎದ್ದು ನಿಂತೆ. “ವ್ಯತ್ಯಾಸ ಇದೆ. ಸ್ವರ ಕೊನೆಯಾಗೋ ಕಡೆ ಕೇಳಿ. ಹೊಸದು ಕತ್ತರಿಸಿ ಹೋಗುತ್ತೆ.”

ಮೇಡಂ ತಟ್ಟನೆ ತಲೆಯೆತ್ತಿದರು. “ನನಗೂ ಅಲ್ಲೇ ಅನುಮಾನ ಇತ್ತು. ಆದ್ರೆ ಮೇಷ್ಟ್ರಿಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ನನ್ನದೇ ಭ್ರಮೆ ಅಂದ್ಕೊಂಡೆ.”

ಮಾಲೀಕರು ನಕ್ಕರು. “ಮೇಷ್ಟ್ರ ಕಿವಿಗೆ ಸಿಗದ್ದು ನಿನ್ನ ಕಿವಿಗೆ ಸಿಕ್ತಾ? ಅಕ್ಕನ ಕೆಲಸ ಉಳಿಸ್ಕೊಳ್ಳೋಕೆ ಏನು ಬೇಕಾದ್ರೂ ಹೇಳ್ತೀಯ ನೀನು. ಏನು ಮೇಷ್ಟ್ರೇ?”

ಭಾವ ಮಾಲೀಕರ ತುಟಿಗಳನ್ನು ನೋಡಿದರು. ಆಮೇಲೆ ನನ್ನನ್ನು. “ಎರಡೂ ಒಂದೇ” ಎಂದರು. “ಪೆಟ್ಟಿಗೆ ಚೆನ್ನಾಗಿದೆ. ಹುಡುಗಾಟದ ಮಾತು ಯಾಕೆ.” ಪೆನ್ನಿನ ಮುಚ್ಚಳ ತೆಗೆದರು.

ಬಾಗಿಲಲ್ಲಿ ಯಾರೋ ಬಿಕ್ಕಿದರು. ಎಲ್ಲರಿಗಿಂತ ಹಿರಿಯಳು, ಕನ್ನಡಕದವಳು. ಇಪ್ಪತ್ತೆರಡು ವರ್ಷದಿಂದ ಟ್ಯೂಬು ಜೋಡಿ ಮಾಡುತ್ತಿರುವವಳು. ಭಾವನಿಗೆ ಅದೂ ಕೇಳಲಿಲ್ಲ, ಪೆನ್ನು ಹಾಳೆಗೆ ತಾಗಿಸಿದರು. ಅಲ್ಲಿಗೆ ನನ್ನ ಬುದ್ಧಿ ಕೈಕೊಟ್ಟಿತು. ನಾನು ಅವರ ಮುಂದೆ ಬಾಗಿ, “ಭಾವ, ಇನ್ನೊಂದೇ ಒಂದು ಸಲ ಕೇಳಿ. ಆಮೇಲೆ ಸಹಿ ಹಾಕಿ. ನಾನು ಏನೂ ಅನ್ನಲ್ಲ” ಎಂದೆ.

ಎಲ್ಲರೂ ನೋಡುತ್ತಿದ್ದರು. ಬೇಡ ಎನ್ನಲಾಗಲಿಲ್ಲ ಅವರಿಗೆ. ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿದರು, ಅಂಗೈ ಊರಿದರು.

ನಾನು ಪರದೆಯ ಹಿಂದೆ ಹೋದೆ. ಗಿಟಾರಿನ ತುಣುಕು ಹಾಕಲಿಲ್ಲ. ಸ್ಪೀಕರು ಒಡೆದಿದೆಯೇ ಎಂದು ಪರೀಕ್ಷಿಸಲು ಒಂದು ಚಿಕ್ಕ ಯಂತ್ರ ಇಟ್ಟಿರುತ್ತೇವೆ, ಅದರಿಂದ ಬೇಕಾದ ಸ್ವರ ಬರುತ್ತದೆ. ಅದರ ತಿರುಪನ್ನು ಸಣ್ಣ ಸ್ವರದ ಕಡೆಗೆ ಪೂರ್ತಿ ತಿರುಗಿಸಿ, ಜೋರು ಮಾಡಿ, ಸ್ವಿಚ್ಚು ಹಾಕಿದೆ.

ಸೀಟಿ. ಸೂಜಿಯನ್ನು ಕಿವಿಗೆ ಚುಚ್ಚಿ ತಿರುಗಿಸಿದಂಥ ಸೀಟಿ. ಮಾಲೀಕರು ಹಲ್ಲು ಕಚ್ಚಿ ತಲೆ ಹಿಡಿದುಕೊಂಡರು. ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಮೇಡಂ ಏನೋ ಕೂಗಲು ಬಾಯಿ ತೆರೆದವರು ಭಾವನ ಮುಖ ನೋಡಿ ಹಾಗೇ ನಿಂತುಬಿಟ್ಟರು.

ಭಾವ ಕಣ್ಣು ಮುಚ್ಚಿಕೊಂಡು ಶಾಂತವಾಗಿ ಕೂತಿದ್ದರು. ಒಂದು ಬೆರಳೂ ಅಲುಗಲಿಲ್ಲ.

“ಹಾಕೋ” ಎಂದರು. “ಎಷ್ಟು ಹೊತ್ತು ಕಾಯಿಸ್ತೀಯ?”

ಅವರು ಕಣ್ಣು ತೆರೆದರು. ಮಾಲೀಕರ ಕೈಗಳು ಕಿವಿಯ ಮೇಲಿದ್ದವು. ಬಾಗಿಲಲ್ಲಿ ಹನ್ನೊಂದು ಕೈಗಳು ಕಿವಿಯ ಮೇಲೆ. ಅಕ್ಕನ ಒಂದು ಕೈ ಮಾತ್ರ ಬಾಯಿಯ ಮೇಲಿತ್ತು. ಭಾವ ಒಬ್ಬೊಬ್ಬರನ್ನೂ ನೋಡುತ್ತ ಬಂದು ಕೊನೆಗೆ ಪರದೆಯ ಸಂದಿನಲ್ಲಿ ನನ್ನ ಕಣ್ಣಿಗೆ ಕಣ್ಣು ಕೊಟ್ಟರು.

“ಈಗ ಸದ್ದು ಇದೆಯೇನೋ?” ಎಂದರು.

ಹೌದೆಂದು ತಲೆಯಾಡಿಸಿದೆ.

“ಎಷ್ಟು ಹೊತ್ತಿಂದ?”

ಆಗಲೂ ನಾನು ಸ್ವಿಚ್ಚು ಆರಿಸಿರಲಿಲ್ಲ.