ದೇವರ ಮೀನಿನ ಉದ್ದ

೧೯೩೮ನೆಯ ಇಸವಿ ಜನವರಿ ೨೭, ಗುರುವಾರ, ಬೆಳಿಗ್ಗೆ ಹತ್ತೂಕಾಲು ಗಂಟೆಗೆ ವೇದವತಿ ಅರಕಲಗೂಡಿನಲ್ಲಿ ಬಸ್ಸಿನಿಂದ ಇಳಿದುಬಿಟ್ಟಳು. ಇಳಿಯಬೇಕಾಗಿದ್ದ ಊರು ಅದಲ್ಲ. ಅವಳೂ ಅವಳ ಸೋದರತ್ತೆ ಸುಂದರಮ್ಮನೂ ಕೊಣನೂರಿನಲ್ಲಿ ಹತ್ತಿದ್ದ ಬಸ್ಸು ಊಟದ ಹೊತ್ತಿಗೆ ಅವರನ್ನು ಹೊಳೆನರಸೀಪುರಕ್ಕೆ, ಅವರ ಮನೆಗೆ ಮುಟ್ಟಿಸುವುದಿತ್ತು.

ಬಸ್ಸು ಅಲ್ಲಿ ನಿಂತದ್ದು ಎಂಜಿನ್ನಿಗೆ ನೀರು ಹೊಯ್ಯುವುದಕ್ಕೆ. ವೇದವತಿಗೆ ಬಸ್ಸು ನಿಂತರೆ ಕೈ ಸುಮ್ಮನಿರುತ್ತಿರಲಿಲ್ಲ. ಮಡಿಲಲ್ಲಿದ್ದ ಪುಸ್ತಕ ತೆರೆದು, ರಸ್ತೆಯಾಚೆಗಿನ ಹುಣಿಸೆಮರವನ್ನು ಬರೆಯತೊಡಗಿದಳು. ಪೆನ್ಸಿಲನ್ನು ಕೈ ಚಾಚಿ ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಮರದ ಎತ್ತರವನ್ನು ಹೆಬ್ಬೆರಳಿನಿಂದ ಗುರುತು ಮಾಡಿಕೊಳ್ಳುವುದು ಅವಳ ಕ್ರಮ. ಅಷ್ಟರಲ್ಲಿ ಬಾಯಿ ಮುಕ್ಕಳಿಸಿದ ಸುಂದರಮ್ಮ, ಚೊಂಬಿನಲ್ಲಿ ಉಳಿದ ನೀರು ಚೆಲ್ಲಲೆಂದು ಕಿಟಕಿಯಿಂದ ಕೈ ಹೊರಗೆ ಚಾಚಿದರು. ಚೊಂಬು ಮರಕ್ಕೆ ಅಡ್ಡ ಬಂತು. ಮುಚ್ಚದ ಕಣ್ಣಿಗೆ ಆ ಚೊಂಬು ಮರದ ಬೊಡ್ಡೆಗಿಂತ ದೊಡ್ಡದಾಗಿ ಕಂಡಿತು. ವೇದವತಿಗೆ ನಗು ಬಂತು. ಬಂದ ನಗು ಅರ್ಧದಲ್ಲೇ ನಿಂತಿತು.

ಅವಳು ಪುಸ್ತಕವನ್ನು ಹಿಂದಕ್ಕೆ ತಿರುವಿ, ಹಿಂದಿನ ದಿನ ಬರೆದ ಮೀನಿನ ಪುಟವನ್ನು ತೆಗೆದು ನೋಡಿದಳು. ಕೆಳಗೆ ಅವಳದೇ ಅಕ್ಷರದಲ್ಲಿ ‘ಉದ್ದ: ಮೂರು ಅಡಿ’ ಎಂದಿತ್ತು. ಅದು ಸುಳ್ಳು ಎಂದು ಅವಳಿಗೆ ಆ ಕ್ಷಣದಲ್ಲಿ ಗೊತ್ತಾಯಿತು.

ಆ ಪುಸ್ತಕದ ವಿಷಯ ಸ್ವಲ್ಪ ಹೇಳಬೇಕು. ಹಾಸನದಲ್ಲಿ ಕೊಂಡ ದಪ್ಪ ಕಾಗದವನ್ನು ತಾನೇ ಹೊಲಿದು, ಮೇಲೆ ಮೇಣದ ಬಟ್ಟೆ ಹೊದಿಸಿ ಮಾಡಿಕೊಂಡ ಪುಸ್ತಕ ಅದು. ಎಲ್ಲಿಗೆ ಹೋದರೂ ಅದು ಅವಳ ಜೊತೆಗೆ. ಚನ್ನರಾಯಪಟ್ಟಣದ ಮಂಡಿಯ ತೆಂಗಿನಕಾಯಿ ರಾಶಿ, ಹಳ್ಳಿಮೈಸೂರಿನ ದಾರಿಯಲ್ಲಿ ಅಚ್ಚು ಮುರಿದು ಕೂತ ಗಾಡಿ, ಮಳೆಗೆ ಮುಂಚಿನ ಮೋಡದ ಬಣ್ಣ, ಎಲ್ಲವೂ ಅದರಲ್ಲಿದ್ದವು. ಆದರೆ ಒಂದು ವರ್ಷದಿಂದ ಅದು ಹೆಚ್ಚಾಗಿ ಮೀನುಗಳ ಪುಸ್ತಕವಾಗಿತ್ತು. ಅವಳು ಬಿ.ಎಸ್‌ಸಿ. ಓದಿದ ಮೈಸೂರಿನ ಕಾಲೇಜಿನಲ್ಲಿ, ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು ಈ ಸೀಮೆಯ ಹೊಳೆಮೀನುಗಳ ಮೇಲೆ ಒಂದು ಗ್ರಂಥ ಸಿದ್ಧಮಾಡುತ್ತಿದ್ದರು. ಅದಕ್ಕೆ ಚಿತ್ರ ಬರೆಯಲು ಒಬ್ಬರನ್ನು ಸಂಬಳದ ಮೇಲೆ ತೆಗೆದುಕೊಳ್ಳುವುದಿತ್ತು. ಅರ್ಜಿ ಹಾಕಿದವರಲ್ಲಿ ಹೆಂಗಸು ಇವಳೊಬ್ಬಳೇ. ಪ್ರಾಧ್ಯಾಪಕರು ಹಾಕಿದ ಷರತ್ತು ಎಲ್ಲರಿಗೂ ಒಂದೇ: ಹೇಳಿದ ಮೀನುಗಳನ್ನೆಲ್ಲ ಕಣ್ಣಾರೆ ಕಂಡು ಬರೆದಿರಬೇಕು, ಬೆಳೆದ ಮೀನನ್ನೇ ಬರೆದಿರಬೇಕು, ಪ್ರತಿಯೊಂದರ ಉದ್ದವನ್ನೂ ತಾನೇ ಅಳೆದಿರಬೇಕು. ಜನವರಿ ಮೂವತ್ತೊಂದು, ಸೋಮವಾರ, ಚಿತ್ರಗಳನ್ನು ಒಪ್ಪಿಸುವ ದಿನ.

ಹಾವುಮೀನು, ಕುಚ್ಚುಮೀನು, ಬಾಳೆಮೀನು ಎಲ್ಲ ಮುಗಿದಿದ್ದವು. ಹೇಮಾವತಿಯ ದಡದಲ್ಲಿ, ಕೆರೆಗಳ ಏರಿಯ ಮೇಲೆ, ಬಲೆ ಒಣಗಿಸುವವರ ಗುಡಿಸಲ ಮುಂದೆ ಕೂತು ಅವಳು ಅವನ್ನೆಲ್ಲ ಬರೆದಿದ್ದಳು. ಸುಂದರಮ್ಮನ ಆಜ್ಞೆಯಂತೆ ಪುಸ್ತಕಕ್ಕೆ ಮನೆಯಲ್ಲಿ ಜಗಲಿಯ ಗೂಡಿನಿಂದ ಒಳಗೆ ಪ್ರವೇಶವಿರಲಿಲ್ಲ. “ಹಸಿ ಮೀನು, ಒಣ ಮೀನು ಅಂತ ಎರಡೇ ಅಂದ್ಕೊಂಡಿದ್ದೆ. ಕಾಗದದ ಮೀನು ಅಂತ ಮೂರನೇದನ್ನ ನಮ್ಮ ಮನೆಗೇ ತಂದ್ಯಲ್ಲೇ” ಎಂದು ಅವರು ಗೊಣಗಿದ್ದರು. ಗೊಣಗುತ್ತಲೇ ಪ್ರತಿ ಪ್ರಯಾಣಕ್ಕೂ ಜೊತೆಗೆ ಹೊರಟಿದ್ದರು. ಮದುವೆಯಾಗದ ಹುಡುಗಿಯನ್ನು ಒಬ್ಬಳೇ ಕಳಿಸುವಂತಿರಲಿಲ್ಲ.

ಉಳಿದದ್ದು ಬಿಳಿಮೀನು ಒಂದೇ. ಸಂತೆಗೆ ಬರುವ ಬಿಳಿಮೀನೆಲ್ಲ ಮರಿ. ಪೂರಾ ಬೆಳೆದದ್ದು ಕಾಣಬೇಕಾದರೆ ಕೊಣನೂರಿನ ಹತ್ತಿರದ ರಾಮನಾಥಪುರಕ್ಕೆ, ಕಾವೇರಿಗೆ ಇಳಿಯುವ ಮೆಟ್ಟಿಲುಗಳ ಸೋಪಾನಕ್ಕೆ ಹೋಗಬೇಕು. ಅಲ್ಲಿ ಅದು ದೇವರ ಮೀನು. ಯಾರೂ ಬಲೆ ಬೀಸುವುದಿಲ್ಲ, ಗಾಳ ಹಾಕುವುದಿಲ್ಲ, ಕೈಯಿಂದ ಮುಟ್ಟುವುದೂ ಇಲ್ಲ. ಬಂದವರು ಕಡಲೆಪುರಿ ಎರಚುತ್ತಾರೆ, ಮೀನು ಬಂದು ತಿನ್ನುತ್ತದೆ, ಅಷ್ಟೆ. ಹಿಡಿಯದೆ ಅಳೆಯುವುದು ಹೇಗೆ ಎಂದು ಯೋಚಿಸಿಯೇ ವೇದವತಿ ಹೋಗಿದ್ದಳು. ತೇಗದ ಒಂದು ಪಟ್ಟಿಗೆ ಅಂಗುಲ ಅಂಗುಲಕ್ಕೂ ಕಪ್ಪು ಬಿಳಿ ಬಣ್ಣ ಹಚ್ಚಿ, ನಡುವೆ ಕಾಲಂಗುಲದ ಗೆರೆ ಎಳೆದು, ತೇಲದಂತೆ ಎರಡು ತುದಿಗೂ ಕಬ್ಬಿಣದ ತುಂಡು ಬಿಗಿದು, ನೀರೊಳಗಿನ ಮೆಟ್ಟಿಲ ಮೇಲೆ ಇಟ್ಟಿದ್ದಳು. ಬಾಲದ ಕೆಳಗಿನ ತುದಿ ಹರಿದಿದ್ದ ಒಂದು ದೊಡ್ಡ ಮೀನು ಪಟ್ಟಿಯ ನೇರಕ್ಕೆ ಬಂದಾಗ, ಮೂತಿ ಎಲ್ಲಿ, ಬಾಲದ ಕವಲು ಎಲ್ಲಿ ಎಂದು ಮೇಲಿನಿಂದ ನೋಡಿ ಬರೆದುಕೊಂಡಿದ್ದಳು. ಮೂರು ಅಡಿ. ಸೋಪಾನದ ಕಾವಲಿನ ಗುಂಡಯ್ಯ ಆ ಲೆಕ್ಕ ಕೇಳಿ ಹಿಗ್ಗಿ, ಸಂಜೆಯೊಳಗೆ ಬಂದ ಯಾತ್ರಿಕರಿಗೆಲ್ಲ ಸಾರಿದ್ದ.

ಈಗ ಚೊಂಬು ತಪ್ಪನ್ನು ತೋರಿಸಿಕೊಟ್ಟಿತ್ತು. ಪುರಿ ತೇಲುತ್ತದೆ, ಅದನ್ನು ತಿನ್ನಲು ಮೀನು ಮೇಲಕ್ಕೆ ಬರುತ್ತದೆ. ಪಟ್ಟಿ ಕೆಳಗೆ ಮೆಟ್ಟಿಲ ಮೇಲೆ. ಕಣ್ಣಿಗೆ ಮೀನು ಹತ್ತಿರ, ಪಟ್ಟಿ ದೂರ. ಹತ್ತಿರದ್ದನ್ನು ದೂರದ ಅಳತೆಗೋಲಿನ ಮೇಲೆ ಓದಿದರೆ ಅದು ಇದ್ದದ್ದಕ್ಕಿಂತ ಉದ್ದವಾಗಿಯೇ ಬರುತ್ತದೆ. ಲೆಕ್ಕ ಮಾಡಿ ತಿದ್ದಬಹುದೇನೋ. ಆದರೆ ಮೀನು ಪಟ್ಟಿಗಿಂತ ಎಷ್ಟು ಮೇಲಿತ್ತು ಎಂಬುದನ್ನು ಅವಳು ಅಳೆದಿರಲಿಲ್ಲ. ಊಹೆಯನ್ನು ಲೆಕ್ಕಕ್ಕೆ ಸೇರಿಸಿದರೆ ಬರುವುದೂ ಊಹೆಯೇ.

ಅವಳು ಇಳಿದದ್ದನ್ನು ಕಂಡು ಸುಂದರಮ್ಮ ಗಂಟು ಸಮೇತ ಕೆಳಗೆ ಬಂದರು. ಸಂಗತಿ ಕೇಳಿ ಗಂಟನ್ನು ನೆಲಕ್ಕಿಟ್ಟರು.

“ಒಂದು ಗೇಣು ಹೆಚ್ಚುಕಮ್ಮಿ ಆದ್ರೆ ಆ ಮೀನೇನು ಮೈಸೂರಿಗೆ ಬಂದು ಜಗಳ ಆಡುತ್ತಾ?”

“ಅದು ಆಡಲ್ಲ ಅತ್ತೆ. ನಾನು ಆಡ್ತೀನಿ.”

“ಯಾರ ಜೊತೆ?”

“ಆ ಪುಟ ತೆಗೆದಾಗಲೆಲ್ಲ ನನ್ನ ಜೊತೆ.”

ಬಸ್ಸಿನವನು ಎರಡು ಸಲ ಕೂಗಿ, ಅವರನ್ನು ಬಿಟ್ಟು ಹೊರಟುಹೋದ. ಕೆಲಸ ಕೊಡುವುದು ಬಿಡುವುದು ಮೈಸೂರಿನವರ ಕೈಯಲ್ಲಿತ್ತು. ಪುಟ ಸರಿಯಾಗಿರುವುದು ತನ್ನ ಕೈಯಲ್ಲಿದೆ ಎಂದು ವೇದವತಿ ಲೆಕ್ಕ ಹಾಕಿದಳು. ಭಾನುವಾರ ಹೊಳೆನರಸೀಪುರದಲ್ಲಿ ಮೈಸೂರಿನ ರೈಲು ಹತ್ತಬೇಕು. ಅಂದರೆ ಶನಿವಾರ ಮಧ್ಯಾಹ್ನದೊಳಗೆ ಅಳತೆ ಸಿಕ್ಕಬೇಕು. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಬಂದ ದಾರಿಯಲ್ಲೇ ಹಿಂದಕ್ಕೆ ಹೋದರು.

ಶುಕ್ರವಾರ ಬೆಳಿಗ್ಗೆ ಅವಳು ಪಟ್ಟಿಯ ಎರಡು ತುದಿಗೂ ದಾರ ಕಟ್ಟಿ, ದಾರವನ್ನು ಒಂದು ಬಿದಿರುಕೋಲಿಗೆ ಬಿಗಿದಳು. ಮೀನು ಯಾವ ಆಳದಲ್ಲಿರುತ್ತದೋ ಆ ಆಳಕ್ಕೆ ಪಟ್ಟಿಯನ್ನು ಇಳಿಬಿಡುವುದು ಅವಳ ಯೋಚನೆ. ಕೋಲು ನೀರಿನ ಮೇಲೆ ಚಾಚುವ ಮೊದಲೇ ಗುಂಡಯ್ಯ ಬಂದು ನಿಂತ. ಅವನೇನೂ ಗದರಲಿಲ್ಲ. ಕೋಲಿನ ತುದಿಯನ್ನು ಮಾತ್ರ ಮೆಲ್ಲಗೆ ಹಿಡಿದುಕೊಂಡ.

“ಇದು ಗಾಳ ಅಲ್ಲ ಅಂತ ನಿಮ್ಗೂ ಗೊತ್ತು, ನನ್ಗೂ ಗೊತ್ತು ತಾಯಿ. ಮೀನ್‌ಗೆ ಯಾರೇಳಾರು?”

ವೇದವತಿ ದಾರದಲ್ಲಿ ಕೊಕ್ಕೆಯಿಲ್ಲವೆಂದು ತೋರಿಸಿದಳು. ಗುಂಡಯ್ಯ ತಲೆಯಾಡಿಸಿದ. “ಇವತ್ತು ನೀವು ಅಳೆಯಾಕೆ ದಾರ ಬಿಡ್ತೀರಿ. ನಾಳೆ ಇನ್ನೊಬ್ಬ ಅಂಗೇ ಅಳೆಯಾಕೆ ಅಂತ ಬತ್ತಾನೆ. ಅವನ ದಾರದ ತುದೀಲಿ ಕೊಕ್ಕೆ ಇರ್ತದೆ. ಆಗ ನಾನು ಯಾವ ಬಾಯ್ನಾಗೆ ಬ್ಯಾಡ ಅನ್ಲಿ?”

ವೇದವತಿ ಕೋಲನ್ನು ಹಿಂದಕ್ಕೆ ಎಳೆದುಕೊಂಡಳು. ದಾರ ಬಿಚ್ಚಿದಳು. ಹಿಂದಿನಂತೆ ಪಟ್ಟಿಯನ್ನು ಮೆಟ್ಟಿಲ ಮೇಲೇ ಇಟ್ಟು, ಪುರಿ ಹಾಕದೆ, ಮೀನು ತಾನಾಗಿ ತಳಕ್ಕೆ ಇಳಿದೀತೇ ಎಂದು ಮಧ್ಯಾಹ್ನವೆಲ್ಲ ಕಾದಳು. ಇಳಿಯಲಿಲ್ಲ. ಕಾಯುತ್ತಾ ಅವಳ ಕೈ ಬರೆಯುತ್ತಲೇ ಇತ್ತು: ಕಲ್ಲಿನ ಪಾಚಿ, ಎದುರು ದಡದ ಬಂಡೆ, ನಾಲ್ಕು ಮೆಟ್ಟಿಲು ಆಚೆ ಪುರಿ ಮಾರುವ ಪುಟ್ಟತಾಯಮ್ಮ. ಪುಟ್ಟತಾಯಮ್ಮ ಉಂಡು ಮುಗಿಸಿ, ಮುದ್ದೆ ಅಂಟಿದ ತಟ್ಟೆಯನ್ನು ತೊಳೆಯಲು ನೀರಿಗೆ ಇಳಿಸಿದಳು. ಅವಳನ್ನು ಬರೆಯುತ್ತಿದ್ದುದರಿಂದಲೇ ವೇದವತಿ ಅದನ್ನು ಕಂಡದ್ದು. ಬಾಲ ಹರಿದ ಮೀನು ಬಂದು, ನೀರೊಳಗಿನ ತಟ್ಟೆಗೆ ಮೂತಿ ಒತ್ತಿ, ಅಂಟಿದ ರಾಗಿಯನ್ನು ಕೀಳುತ್ತಾ ಅಲುಗಾಡದೆ ನಿಂತಿತು. ಪುರಿಯಂತೆ ಮುದ್ದೆ ತೇಲುವುದಿಲ್ಲ. ಎಲ್ಲಿ ಅಂಟಿಸಿದರೆ ಅಲ್ಲೇ ಇರುತ್ತದೆ.

ಪಟ್ಟಿಯ ಮೊದಲ ಗೆರೆಯ ಹತ್ತಿರ ಮುದ್ದೆ ಮೆತ್ತಿದರೆ ಮೀನಿನ ಮೂತಿ ಆ ಗೆರೆಗೇ ಬರುತ್ತದೆ. ಆದರೆ ಪಟ್ಟಿ ತಳದಲ್ಲಿದ್ದರೆ ಮೀನು ತಲೆ ಕೆಳಗೆ, ಬಾಲ ಮೇಲೆ ಮಾಡಿ ಓರೆಯಾಗಿ ನಿಲ್ಲುತ್ತದೆ. ತಳದಿಂದ ಒಂದಡಿ ಎತ್ತರದಲ್ಲಿ ಪಟ್ಟಿಯನ್ನು ಮಟ್ಟಸವಾಗಿ ಹಿಡಿದಿಡಬೇಕು, ದಾರವಿಲ್ಲದೆ. ಅವಳು ಮೀನಿನ ಪುಟದ ಅಂಚಿನಲ್ಲಿ ಎರಡು ಬಿಂದಿಗೆಗಳನ್ನೂ ಅವುಗಳ ಬಾಯಿಯ ಮೇಲೆ ಅಡ್ಡಲಾಗಿ ಪಟ್ಟಿಯನ್ನೂ ಬರೆದು ನೋಡಿದಳು. ನೀರು ತುಂಬಿಸಿದ ಬಿಂದಿಗೆ ಕದಲುವುದಿಲ್ಲ. ಬಿಂದಿಗೆಯನ್ನು ಗಾಳ ಎನ್ನುವವರೂ ಇಲ್ಲ. ಗುಂಡಯ್ಯನಿಗೆ ಚಿತ್ರ ತೋರಿಸಿದಳು. ಅವನು ಬಹಳ ಹೊತ್ತು ನೋಡಿ, ಬಿಂದಿಗೆ ನೀರಿಗಿಳಿಯೋದು ಇದ್ದದ್ದೇ ಎಂದು ಒಪ್ಪಿದ.

ಪುಟ್ಟತಾಯಮ್ಮ ಕೇಳಿದ ಕೂಡಲೇ ಬಿಂದಿಗೆ ಕೊಟ್ಟಳು. “ತಕಳಿ ಅವ್ವಾ, ನನ್ ಬಿಂದ್ಗೆಗೇನು ಮಡಿಯಾ, ಮೈಲ್ಗೆಯಾ” ಎಂದಳು. ಸುಂದರಮ್ಮನಿಗೆ ಕೇಳಲಿ ಎಂದು ಹೇಳಿದಳೋ ಇಲ್ಲವೋ, ಅವರಿಗೆ ಅದು ಕೇಳಿಸಿತು. ಅದೇ ಎತ್ತರದ ಎರಡನೆಯ ಬಿಂದಿಗೆ ಇದ್ದದ್ದು ಅವರ ಹತ್ತಿರವೇ: ಪೂಜೆಗೆ ಕಾವೇರಿ ನೀರು ಒಯ್ಯಲೆಂದು ಮಡಿಬಟ್ಟೆಯಲ್ಲಿ ಸುತ್ತಿ ತಂದದ್ದು. ವೇದವತಿ ಬಾಯಿಬಿಟ್ಟು ಕೇಳಲಿಲ್ಲ. ಪುಸ್ತಕವನ್ನು ತೆರೆದು, ಆ ಚಿತ್ರದ ಪುಟ ಮೇಲಿರುವಂತೆ ಅತ್ತೆಯ ಹತ್ತಿರ ಇಟ್ಟು, ಪೆನ್ಸಿಲು ಹೆರೆಯುತ್ತಾ ಕೂತಳು.

ಶನಿವಾರ ಸುಂದರಮ್ಮ ಸ್ನಾನ ಮುಗಿಸಿ ಬಂದು ಬಿಂದಿಗೆಯ ಬಟ್ಟೆ ಬಿಚ್ಚಿದರು. “ಮನೆಗೆ ಹೋದ ಮೇಲೆ ಹುಣಿಸೆಹಣ್ಣು ಹಾಕಿ ಮೂರು ಸಲ ಬೆಳಗೋದು ನೀನು” ಎಂದರು. ಆಮೇಲೆ ತಡೆಯಲಾರದೆ, “ಅವಳ ಬಿಂದಿಗೆಗೆ ನನ್ನದು ತಾಗಿಸಬೇಡ” ಎಂದು ಸೇರಿಸಿದರು. ತಾಗಿಸುವ ಹಾಗಿರಲಿಲ್ಲ, ನಡುವೆ ಮೂರೂವರೆ ಅಡಿಯ ಪಟ್ಟಿ ಇತ್ತು.

ಹನ್ನೊಂದರ ಹೊತ್ತಿಗೆ ಎಲ್ಲ ಸಿದ್ಧವಾಯಿತು. ಪಟ್ಟಿಯ ತುದಿಗೆ ಪುಟ್ಟತಾಯಮ್ಮನ ಮುದ್ದೆ ಮೆತ್ತಿದ್ದಾಯಿತು. ವೇದವತಿ, ಕಣ್ಣು ಪಟ್ಟಿಗೆ ನೆಟ್ಟಗೆ ಮೇಲಿರಬೇಕೆಂದು, ನೀರಿನಂಚಿನ ಮೆಟ್ಟಿಲ ಮೇಲೆ ಬೋರಲಾಗಿ ಮಲಗಿದಳು. ದೊಡ್ಡ ಹುಡುಗಿ ನಾಲ್ಕು ಜನರೆದುರು ಹೀಗೆ ಮಲಗುವುದೇ ಎಂದು ಸುಂದರಮ್ಮ ಪಕ್ಕದಲ್ಲಿ ಕೂತು ಸೆರಗನ್ನು ಅಗಲವಾಗಿ ಹಿಡಿದು ಮರೆ ಮಾಡಿದರು. ಆ ಸೆರಗಿನ ನೆರಳು ನೀರಿನ ಮೇಲೆ ಬಿದ್ದು ಬಿಸಿಲಿನ ಹೊಳಪು ಸತ್ತಿತು. ಪಟ್ಟಿಯ ಕಾಲಂಗುಲದ ಗೆರೆಗಳೂ ಕಾಣತೊಡಗಿದವು.

“ಹಾಗೇ ಹಿಡಕೊಳ್ಳಿ ಅತ್ತೆ, ಅಲ್ಲಾಡಿಸಬೇಡಿ” ಎಂದಳು ವೇದವತಿ. ಮರೆಗೆಂದು ಹಿಡಿದದ್ದು ಉಪಯೋಗಕ್ಕೆ ಬಂದದ್ದು ಕಂಡು ಸುಂದರಮ್ಮ ಇನ್ನಷ್ಟು ಮುಂದಕ್ಕೆ ಚಾಚಿದರು.

ಮೀನು ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಒಂದು ಗುಂಪು ಯಾತ್ರಿಕರು ಬಂದರು, ಪುಟ್ಟತಾಯಮ್ಮನ ಬುಟ್ಟಿಗೆ ಕೈ ಚಾಚಿದರು. ಪುರಿ ಬಿದ್ದರೆ ಮೀನೆಲ್ಲ ಅತ್ತ. ವೇದವತಿ ಎದ್ದು ನಿಂತಳು. ಅಪರಿಚಿತರ ಗುಂಪಿಗೆ ಅವಳು ಎಂದೂ ಮಾತಾಡಿದವಳಲ್ಲ. ಈಗ, ಸೀರೆಯ ಮುಂಭಾಗವೆಲ್ಲ ಒದ್ದೆಯಾಗಿದ್ದ ಹಾಗೆಯೇ, ತಾನು ಮಾಡುತ್ತಿರುವುದು ಏನೆಂದು ಹೇಳಿ, ಸ್ವಲ್ಪ ಹೊತ್ತು ಪುರಿ ಹಾಕಬೇಡಿ ಎಂದು ಕೇಳಿಕೊಂಡಳು. ಗುಂಪಿನ ಹಿರಿಯನೊಬ್ಬ, ದೇವರ ಮೀನನ್ನು ಉಪವಾಸ ಕೆಡವುವುದು ಯಾವ ಓದು ಎಂದು ಕೇಳಿದ. ಪುಟ್ಟತಾಯಮ್ಮ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ, ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತಳು. ಮಾರುವವಳೇ ಮುಚ್ಚಿದ ಮೇಲೆ ಕೊಳ್ಳುವವರು ಏನು ಮಾಡಿಯಾರು? ಅವರೂ ಮೆಟ್ಟಿಲ ಮೇಲೆ ಕೂತರು. ವೇದವತಿ ಮತ್ತೆ ಬೋರಲಾಗಿ ಮಲಗಿದಳು.

ಮೀನು ಬಂತು. ಎರಡು ಸಲ ಸುತ್ತುಹಾಕಿ ಹೋಯಿತು. ಮೂರನೆಯ ಸಲ ಬಂದು, ಮುದ್ದೆಗೆ ಮೂತಿ ಒತ್ತಿ, ಪಟ್ಟಿಯ ಮಗ್ಗುಲಿಗೆ ಪಟ್ಟಿಯಷ್ಟೇ ಮಟ್ಟಸವಾಗಿ ನಿಂತಿತು. ವೇದವತಿ ಉಸಿರು ಹಿಡಿದು, ಬಾಲದ ಕವಲು ಯಾವ ಗೆರೆಯ ಮೇಲಿದೆ ಎಂದು ಓದಿದಳು, ಬರೆದುಕೊಂಡಳು. ಒಂದು ಓದು ಸಾಲದು ಎಂದು ಮತ್ತೆ ಕಾದಳು. ಅದು ಹೋಗಿ ಮತ್ತೆ ಬಂತು, ಗೆರೆ ಬದಲಾಗಲಿಲ್ಲ. ಇನ್ನೊಮ್ಮೆ ಬಂದಾಗಲೂ ಅದೇ ಗೆರೆ. ಆಗ ಎದ್ದು, ಯಾತ್ರಿಕರ ಕಡೆ ತಿರುಗಿ ಕೈ ಮುಗಿದಳು. ಪುಟ್ಟತಾಯಮ್ಮ ಬುಟ್ಟಿಯ ಬಟ್ಟೆ ತೆಗೆದಳು.

ಲೆಕ್ಕ ಕೇಳಿ ಗುಂಡಯ್ಯನ ಮುಖ ಇಳಿಯಿತು. ಮೂರಡಿ ಎಂದು ಅವನು ಆಗಲೇ ಎಷ್ಟೋ ಜನಕ್ಕೆ ಹೇಳಿಯಾಗಿತ್ತು.

“ಅಲ್ಲ ತಾಯಿ, ಉಳಿದದ್ದು ಎಲ್ಲೋಯ್ತು?”

“ಅದು ಮೀನಿನದಲ್ಲ ಗುಂಡಯ್ಯ, ನನ್ನ ಕಣ್ಣಿಂದು.”

ಅವನು ಅದನ್ನು ಒಪ್ಪಿದಂತೆ ಕಾಣಲಿಲ್ಲ. ಬೇಸಿಗೆಗೆ ಬಂದರೆ ಇದಕ್ಕಿಂತ ದೊಡ್ಡದು ತೋರಿಸುವೆನೆಂದು ಹೇಳಿ ಹೋದ. ಸುಂದರಮ್ಮ ಎರಡೂ ಬಿಂದಿಗೆಗಳನ್ನು ತಾವೇ ನೀರಿನಿಂದ ಎತ್ತಿ ಮೇಲಿಟ್ಟರು. ಎತ್ತುವಾಗ ಒಂದಕ್ಕೊಂದು ತಾಗಿ ಸದ್ದಾಯಿತು. ಅವರು ಅದನ್ನು ಕೇಳದವರಂತೆ, ಬಸ್ಸಿಗೆ ಹೊತ್ತಾಯಿತೆಂದು ಅವಸರಪಡಿಸಿದರು.

ವೇದವತಿ ಬೆರಳು ಒರೆಸಿಕೊಂಡು ಪುಸ್ತಕ ತೆರೆದಳು. ‘ಮೂರು ಅಡಿ’ ಎಂಬುದನ್ನು ರಬ್ಬರಿನಿಂದ ಅಳಿಸಲಿಲ್ಲ. ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದಳು. ಅಳೆದ ಬಗೆ ನೋಡಿದವರಿಗೆಲ್ಲ ತಿಳಿಯಲೆಂದು, ಅಂಚಿನಲ್ಲಿ ಬರೆದಿದ್ದ ಎರಡು ಬಿಂದಿಗೆಗಳ ಚಿತ್ರವನ್ನು ಶಾಯಿಯಲ್ಲಿ ತಿದ್ದಿದಳು. ಅದರ ಕೆಳಗೆ ದಿನಾಂಕ ಹಾಕಿ ಬರೆದಳು: ಬಿಳಿಮೀನು, ಮೂತಿಯಿಂದ ಬಾಲದ ಕವಲಿನ ತನಕ, ಎರಡು ಅಡಿ ಏಳೂಕಾಲು ಅಂಗುಲ.