ಪಂಕ್ತಿಯ ನಡುವೆ ಸಮನ್ಸ್

ಗಣೇಶನ ಮನೆಗೆ ಸೌಜನ್ಯ ಎರಡು ಸಲ ಹೋಗಿ ಬಂದಿದ್ದಳು. ಎರಡು ಸಲವೂ ಅವನ ತಾಯಿ ಬಾಗಿಲಲ್ಲೇ ನಿಂತು, "ಅಂವ ಸಾಗರಕ್ಕೆ ಹೋಗಿದಾನೆ" ಅಂದಿದ್ದರು. ಅಂಗಳದಲ್ಲಿ ಅವನ ಬೈಕು ನಿಂತೇ ಇತ್ತು. ಕೋರ್ಟಿನ ಸಮನ್ಸ್ ಜಾರಿ ಮಾಡುವ ಕೆಲಸಕ್ಕೆ ಸೇರಿ ಸೌಜನ್ಯಳಿಗೆ ವರ್ಷವಾಗಿರಲಿಲ್ಲ. ನಾಲ್ಕು ಜನರೆದುರು ಬಾಯಿ ತೆರೆಯಬೇಕೆಂದರೆ ಈಗಲೂ ಹಿಂಜರಿಯುತ್ತಿದ್ದಳು.

ಗಣೇಶನ ಹೆಂಡತಿ ಪ್ರತಿಮಾ ಮಳೆಗಾಲ ಹಿಡಿದಾಗಿನಿಂದ ಮಗಳ ಮುಖ ನೋಡಿರಲಿಲ್ಲ. ಮಗು ಗಂಡನ ಬಳಿ. ಮಗುವಿಗಾಗಿ ಹಾಕಿದ ಅರ್ಜಿ, ಸಮನ್ಸ್ ಅವನ ಕೈಸೇರದೆ ಮುಂದೆ ಸರಿಯುವಂತಿರಲಿಲ್ಲ. ಹುಂಚದ ಹತ್ತಿರ ನೆಂಟರ ಗೃಹಪ್ರವೇಶಕ್ಕೆ ಅವನು ಬಂದಿದ್ದಾನೆಂದು ಆಕೆಯೇ ಫೋನು ಮಾಡಿ ತಿಳಿಸಿದಳು.

ಸೌಜನ್ಯ ಹೋದಾಗ ಅವನು ಊಟದ ಪಂಕ್ತಿಯಲ್ಲಿ ಕೂತಿದ್ದ, ಎಲೆಗೆ ಅನ್ನ ಬಿದ್ದಿತ್ತು.

"ಗಣೇಶ್ ಅವ್ರೇ, ಹೊಸನಗರ ಕೋರ್ಟಿಂದ ಬಂದೀನಿ. ಸಮನ್ಸ್ ಇದೆ."

ಅವನು ಅನ್ನ ಮೆತ್ತಿದ ಕೈ ಎತ್ತಿ ತೋರಿಸಿದ. "ಎಂಜಲು ಕೈ ಮಾರಾಯ್ತಿ. ಉಂಡೆದ್ದ ಮೇಲೆ ನೋಡಣ."

"ಕಾಯ್ತೀನಿ" ಎಂದು ಅವಳು ಕಂಬದ ಪಕ್ಕ ನಿಂತಳು.

ಗಣೇಶ ಏಳುವ ಲಕ್ಷಣವೇ ಕಾಣಲಿಲ್ಲ. ಸಾರು ಕೇಳಿದ, ಅನ್ನ ಕೇಳಿದ, ಪಾಯಸ ಮತ್ತೆ ಮತ್ತೆ ಹಾಕಿಸಿಕೊಂಡ. ಮಜ್ಜಿಗೆ ಬಂದ ಮೇಲೂ ಹಪ್ಪಳಕ್ಕೆ ಕೈ ಒಡ್ಡಿದ. ಒಬ್ಬ ಉಣ್ಣುತ್ತಿರುವಾಗ ಪಂಕ್ತಿಯಿಂದ ಉಳಿದವರು ಏಳುವಂತಿಲ್ಲ. ಎಲ್ಲರ ಕೈಯೂ ಒಣಗತೊಡಗಿತು.

ಪಕ್ಕದಲ್ಲಿ ಕೂತಿದ್ದ ಹುಲಿಯಪ್ಪನಿಗೆ ತಡೆಯಲಾಗಲಿಲ್ಲ. "ಏ ಗಣೇಶ, ಹೊಟ್ಟೆಯೋ ಲಿಂಗನಮಕ್ಕಿ ಡ್ಯಾಮೋ? ಎಷ್ಟು ಹಾಕಿದ್ರೂ ತುಂಬಲ್ವಲ್ಲ!"

ಮನೆಯೊಡತಿ ಯಮುನಮ್ಮ ಪಾಯಸದ ಪಾತ್ರೆ ಕೆಳಗಿಟ್ಟಳು. "ಹೊರಗೆ ಜನ ಹಸ್ಕಂಡು ನಿಂತಿದಾರೆ. ಎಡಗೈ ಖಾಲಿ ಐತಲ್ಲ, ಹೆಬ್ಬೆಟ್ಟು ಒತ್ತಿ ಬಿಡು ಅತ್ಲಾಗೆ!"

ಪಂಕ್ತಿಯೇ ನಕ್ಕಿತು. ಗಣೇಶನ ಕಿವಿ ಕೆಂಪಾಯಿತು. "ಡಿಗ್ರಿ ಮಾಡ್ದವ ನಾನು, ಹೆಬ್ಬೆಟ್ಟು ಒತ್ತಲಾ?"

"ಹಂಗಾರೆ ಕೈ ತೊಳ್ಕಂಡು ಸೈನ್ ಹಾಕು. ನಮ್ಮನ್ನಾದ್ರೂ ಏಳಕ್ಕೆ ಬಿಡು" ಅಂದ ಹುಲಿಯಪ್ಪ.

ಸೌಜನ್ಯ ನಲ್ಲಿಯ ಹತ್ತಿರ ಹೋಗಿ ನಿಂತಳು. ಪಂಕ್ತಿ ಎದ್ದಿತು. ಗಣೇಶ ಕೈ ತೊಳೆದು ಪಂಚೆಯ ತುದಿಗೆ ಒರೆಸಿಕೊಂಡು, ಅವಳ ಮುಖ ನೋಡದೆ ಸಹಿ ಹಾಕಿ ಕಾಗದ ತೆಗೆದುಕೊಂಡ.

ರಸ್ತೆಗೆ ಬಂದು ಅವಳು ಪ್ರತಿಮಾಗೆ ಫೋನು ಮಾಡಿದಳು. "ಕೊಟ್ಟೆ ಅಕ್ಕ. ಸೈನ್ ಮಾಡಿದ್ರು."

"ಕೋರ್ಟಿಗೆ ಬರ್ತಾರೇನಮ್ಮ?"

"ಬರ್ದಿದ್ರೂ ಇನ್ನು ಕೇಸು ನಿಲ್ಲಲ್ಲ."

ಪ್ರತಿಮಾ ಮತ್ತೆ ಕೇಳಿದಳು. "ಅವತ್ತು ಮಗೂನ ಕರ್ಕಂಡು ಬರ್ತಾರಾ?"

ಅದು ಸೌಜನ್ಯಳಿಗೆ ಗೊತ್ತಿರಲಿಲ್ಲ.

"ಜಡ್ಜ್ ಎದುರಿಗೇ ಕೇಳಿ ಅಕ್ಕ" ಅಂದಳು. "ಈಗ ಕೇಳ್ಬಹುದು."